ಚಾಲಿ ಅಡಿಕೆ, ಎಪಿಐ ಕೀ

ಶಿರಸಿ ಕಡೆ ಹಣ್ಣಡಿಕೆ ಒಣಗಿಸಿದರೆ ಚಾಲಿ, ಹಸಿ ಅಡಿಕೆ ಬೇಯಿಸಿ ಒಣಗಿಸಿದರೆ ರಾಶಿ. ಚಾಲಿ ಮಾಡುವವರು ಅಡಿಕೆ ಕದಿಯುವವನಿಗಿಂತ ಜಾಸ್ತಿ ಹೆದರುವುದು ಅಕಾಲದ ಮಳೆಗೆ. ಹಣ್ಣಡಿಕೆ ಒಣಗಲು ಹತ್ತಿರ ಹತ್ತಿರ 40-45 ದಿನದ ಬಿಸಿಲು ಬೇಕು. ನಡುವೆ ನೆನೆದರೆ ಬೂಷ್ಟು, ಬೂಷ್ಟು ಬಂತೆಂದರೆ ದರ ಇಳಿಯಿತು. ಹಾಗಾಗಿ ಡೇಟಾ ಸೈನ್ಸ್ ಕಲಿಯುತ್ತಿರುವ ಅಣ್ಣನ ಮಗ "ಹವಾಮಾನದ ಎಪಿಐ ಇದೆ ಚಿಕ್ಕಪ್ಪ, ಮಳೆ ಬರೋದು ಮೊದಲೇ ಹೇಳ್ತದೆ" ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ.

ಎಪಿಐ ಅಂದರೆ ನಮ್ಮ ಪ್ರೋಗ್ರಾಂ ಬೇರೆಯವರ ಕಂಪ್ಯೂಟರಿನಿಂದ ಮಾಹಿತಿ ಕೇಳಿ ಪಡೆಯುವ ದಾರಿ. ಅದಕ್ಕೆ ಕೀ ಬೇಕು, ಗುಟ್ಟಾಗಿಡಬೇಕಾದ ಪಾಸ್‌ವರ್ಡ್ ಇದ್ದ ಹಾಗೆ. ಉದ್ದಕ್ಕೆ ಅಕ್ಷರ, ಅಂಕಿ ಪೋಣಿಸಿದ ಒಂದು ಸಾಲು ಅಷ್ಟೇ. ಅದನ್ನು ನೇರ ಕೋಡಿನಲ್ಲೇ ಬರೆದು ಎಲ್ಲರೂ ನೋಡುವಂತೆ ಕೋಡ್ ಇಡುವ ಗಿಟ್‌ಹಬ್ ತಾಣಕ್ಕೆ ಹಾಕಿದ. ಇಂಥ ಕೀ ಹೆಕ್ಕಲೆಂದೇ ಅಲ್ಲಿ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ಸುತ್ತುತ್ತಿರುತ್ತವೆ. ಗಾಬರಿಯಾಗಿ ಸಾಲು ಅಳಿಸಿ ಮತ್ತೊಂದು ಕಮಿಟ್ ಮಾಡಿದ, ಅಂದರೆ ಬದಲಾವಣೆಯನ್ನು ದಾಖಲಿಸಿದ. ಅದರಿಂದೇನೂ ಆಗುವುದಿಲ್ಲ, ಹಳೇ ಕಮಿಟ್‌ನಲ್ಲಿ ಕೀ ಆರಾಮಾಗಿ ಕೂತಿರುತ್ತದೆ. ಕೊನೆಗೆ ಆ ಕೀಯನ್ನೇ ರದ್ದು ಮಾಡಿ ಹೊಸದು ಪಡೆದ.

"ಇನ್ನು ಎನ್ವಿರಾನ್ಮೆಂಟ್ ವೇರಿಯಬಲ್. ಕೋಡಿನಲ್ಲಿ ಕೀ ಇರೋದೇ ಇಲ್ಲ!"

ಅಂದರೆ ಕೀಯನ್ನು ಕೋಡಿನ ಹೊರಗೆ, ಒಂದು ಹೆಸರು ಕೊಟ್ಟು ಕಂಪ್ಯೂಟರಿನಲ್ಲಿ ಇಡುವುದು. ದಾರಿ ಸರಿಯೇ. ಆದರೆ ಅಟ್ಟದ ಮೇಲೆ ಅಡಗಿಸಿಟ್ಟ ಬೆಲ್ಲದ ಡಬ್ಬಿಯ ಹಾಗೆ, ಇದೂ ಮೊದಲು ಮನೆಯವರಿಗೇ ಸಿಗುವುದಿಲ್ಲ. ಆಜ್ಞೆ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ, ಕೀಯನ್ನು ಹೀಗೆ ಇಡಲು ಎಕ್ಸ್‌ಪೋರ್ಟ್ ಅಂತ ಹೊಡೆದು, ಸಮ ಚಿಹ್ನೆಯ ಆಚೆ ಈಚೆ ಚೆಂದಕ್ಕೆ ಜಾಗ ಬಿಟ್ಟ. ಅವನು ಕೋಡ್ ಬರೆಯುವ ಪೈಥಾನಿನಲ್ಲಿ ಅದು ಶಿಸ್ತು, ಟರ್ಮಿನಲ್ಲಿನ ಭಾಷೆ ಬ್ಯಾಶ್‌ನಲ್ಲಿ ತಪ್ಪು. ಜಾಗ ತೆಗೆದ. ಟರ್ಮಿನಲ್ ಸುಮ್ಮನಾಯಿತು, ಅವನು ಕೋಡ್ ಓಡಿಸುವ ಜುಪಿಟರ್ ನೋಟ್‌ಬುಕ್ ಮಾತ್ರ 'ಕೀ ಎರರ್', ಅಂದರೆ ಆ ಹೆಸರಿನದ್ದು ಇಲ್ಲ ಅಂತ ಕೂಗತೊಡಗಿತು. ಅದು ಬೆಳಗಿನಿಂದ ಓಡುತ್ತಿತ್ತು. ಶುರುವಾಗುವಾಗ ಏನು ಸಿಕ್ಕಿತ್ತೋ ಅಷ್ಟೇ ಅದಕ್ಕೆ ಗೊತ್ತು. ಮಧ್ಯಾಹ್ನ ಬೇರೆ ಟರ್ಮಿನಲ್‌ನಲ್ಲಿ ಇಟ್ಟದ್ದನ್ನು ಅದಕ್ಕೆ ಯಾರು ಹೇಳಬೇಕು?

ಅದೇ ಟರ್ಮಿನಲ್‌ನಿಂದ ಜುಪಿಟರನ್ನು ಹೊಸದಾಗಿ ಎಬ್ಬಿಸಿದ. ಇನ್ನೇನು ಮುನ್ಸೂಚನೆ ಬರಬೇಕು, ಕರೆಂಟ್ ಹೋಯಿತು. ನಮ್ಮೂರಲ್ಲಿ ಇದಕ್ಕೆ ಎಪಿಐ ಇಲ್ಲದೆಯೂ ಮುನ್ಸೂಚನೆ ಕೊಡಬಹುದಿತ್ತು. ಕರೆಂಟ್ ಬಂದು ಕಂಪ್ಯೂಟರ್ ಹಚ್ಚಿದರೆ ಮತ್ತೆ ಕೀ ಎರರ್. ಎಕ್ಸ್‌ಪೋರ್ಟ್ ಮಾಡಿದ್ದು ಬಾಳುವುದು ಆ ಟರ್ಮಿನಲ್ ಇರುವ ತನಕ ಮಾತ್ರ.

ಕೊನೆಗೆ ಡಾಟ್ ಇಎನ್‌ವಿ ಅಂತ ಫೈಲ್ ಮಾಡಿ, ಕೀ ಅದರಲ್ಲಿಟ್ಟು, ಫೈಲಿನ ಹೆಸರನ್ನು ಗಿಟ್‌ಹಬ್‌ಗೆ ಹೋಗಬಾರದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿ, ಕೋಡಿನಲ್ಲಿ ಆ ಫೈಲ್ ಓದಿಸಲು ಲೋಡ್ ಡಾಟ್‌ಇಎನ್‌ವಿ ಅಂತ ಕರೆದ. ಇದು ಕರೆಂಟಿಗೂ ಜಗ್ಗುವುದಿಲ್ಲ. ಇಷ್ಟಕ್ಕೇ ಬಿಡಬಹುದಿತ್ತು ಅಲ್ವಾ? ನಿಜಕ್ಕೂ ಬಂತೋ ಇಲ್ಲವೋ ನೋಡಲು ಕೀಯನ್ನೇ ಪ್ರಿಂಟ್ ಮಾಡಿಸಿದ. ಪರದೆ ಮೇಲೆ ಪೂರ್ತಿ ಸಾಲು ಮಿನುಗಿತು. ಖುಷಿಗೆ ಮೊಬೈಲಲ್ಲಿ ಫೋಟೋ ಹೊಡೆದು "ಕಡೆಗೂ ಬಂತು!" ಅಂತ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಿಟ್ಟ.

"ಕೀ ಕಾಣ್ತಾ ಇದ್ದಲ್ಲೋ ಮಾರಾಯ, ತೆಗಿ!" ಅಂತ ನಾನು ಕೂಗುವಷ್ಟರಲ್ಲಿ ನಮ್ಮ ಭಾವ ಅದನ್ನು ಅಡಿಕೆ ಬೆಳೆಗಾರರ ಗ್ರೂಪಿಗೆ ಫಾರ್ವರ್ಡ್ ಮಾಡಿಯಾಗಿತ್ತು. ಅಲ್ಲಿಂದ ಉತ್ತರವೂ ಬಂದಿತ್ತು.

"ಇವತ್ತಿನ ದರವಾ? ಚಾಲಿದಾ, ರಾಶಿದಾ?"