ಪ್ರಾರ್ಥನೆಗೆ ಕೋರಂ ಇಲ್ಲ

ಬಳ್ಳಾರಿಯಲ್ಲಿ ಬಿಸಿಲನ್ನು ಬಿಟ್ಟರೆ ಬಿಡುವಿಲ್ಲದೆ ದುಡಿಯುವವರು ನಮ್ಮ ಚರ್ಚಿನ ಸಭೆಯ ವಿಶ್ವಾಸಿಗಳೇ. ಸೋಮವಾರ ಹಣಕಾಸು ಸಮಿತಿ, ಮಂಗಳವಾರ ಮನೆಕೂಟ, ಬುಧವಾರ ಸ್ತ್ರೀ ಸಮಾಜ, ಗುರುವಾರ ಕ್ವಾಯರ್ ಪ್ರಾಕ್ಟೀಸು, ಶುಕ್ರವಾರ ಉಪವಾಸ ಪ್ರಾರ್ಥನೆ ಮತ್ತು ಉಪವಾಸ ಬಿಡುವವರಿಗೆ ಊಟದ ವ್ಯವಸ್ಥೆ, ಶನಿವಾರ ಕುರ್ಚಿ ಜೋಡಿಸುವುದು. ಆರು ದಿನದಲ್ಲಿ ಜಗತ್ತನ್ನೇ ಉಂಟುಮಾಡಿದ ದೇವರು ಏಳನೆಯ ದಿನ ವಿಶ್ರಮಿಸಿಕೊಂಡ. ನಮ್ಮವರು ಏಳನೆಯ ದಿನ ಎರಡು ಪಾಳಿ ದುಡಿಯುತ್ತಾರೆ.

ಇಷ್ಟರ ನಡುವೆ ದೇವರ ಜೊತೆ ನಾಲ್ಕು ಮಾತಾಡಿದ್ದು ಯಾವಾಗ ಅಂತ ಕೇಳಿ ನೋಡಿ. "ಏನ್ರೀ ಹಂಗಂತೀರಿ, ಆತನ ಕೆಲಸಾನೇ ಮಾಡಕತ್ತೀವಲ್ಲ!" ಅನ್ನುತ್ತಾರೆ. ನಿಜ. ಮನೆ ಕಟ್ಟುವ ಮೇಸ್ತ್ರಿಯೂ ಯಜಮಾನನ ಕೆಲಸವನ್ನೇ ಮಾಡುತ್ತಾನೆ. ಗೃಹಪ್ರವೇಶದ ದಿನ ಬಾಕಿ ಕೇಳಲು ಬರುತ್ತಾನೆ.

ಭಾನುವಾರದ ಆರಾಧನೆಯಲ್ಲಿ ಮೌನ ಪ್ರಾರ್ಥನೆ ಅಂತ ಒಂದಿದೆ. ಪಾದ್ರಿ ಅಯ್ಯನವರು "ಒಂದು ನಿಮಿಷ" ಅನ್ನುತ್ತಾರೆ. ಕಣ್ಣು ಮುಚ್ಚಿ, ಮನಸ್ಸು ಚಪ್ಪಲಿ ಬಿಟ್ಟ ಜಾಗದಿಂದ ಒಳಗೆ ಬರುವಷ್ಟರಲ್ಲಿ ಮೈಕು ಕುಂಯ್ ಅನ್ನುತ್ತದೆ, ಪ್ರಕಟಣೆಗಳು ಶುರು. ಅವಕ್ಕೆ ನಿಮಿಷದ ಲೆಕ್ಕವಿಲ್ಲ. ಜನರೇಟರಿಗೆ ಡೀಸೆಲ್ ಕೊಟ್ಟವರಿಗೆ ವಂದನೆ, ಡೀಸೆಲ್ ತಂದುಕೊಟ್ಟವರಿಗೆ ವಂದನೆ, ಕ್ಯಾನು ವಾಪಸ್ ಕೊಡದವರಿಗೆ ಸೂಚನೆ.

ಇದೆಲ್ಲದರ ಶಿಖರ ಅಂದರೆ ಸುಗ್ಗಿ ಹಬ್ಬ. ಹೊಲದ ಮೊದಲ ಫಲವನ್ನು ದೇವರಿಗೆ ಅರ್ಪಿಸುವ ಹಬ್ಬವಿದು, ಹಳೆಯದು, ಚೆಂದದ್ದು. ಸಿರುಗುಪ್ಪದ ಕಡೆಯಿಂದ ಭತ್ತ, ಬುಟ್ಟಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಜೋಳದ ತೆನೆ, ಕುಂಬಳಕಾಯಿ ಎಲ್ಲ ಪೀಠದ ಮುಂದೆ ಬಂದು ಕೂರುತ್ತವೆ. ಅರ್ಪಣೆಗೆ ಐದು ನಿಮಿಷ, ಆಮೇಲೆ ಹರಾಜು, ಮಧ್ಯಾಹ್ನದವರೆಗೆ. ಒಂದು ನಿಂಬೆಹಣ್ಣು ಐನೂರರಿಂದ ಎರಡು ಸಾವಿರಕ್ಕೆ ಏರುವಾಗ ಸಭೆಯಲ್ಲಿ ಕಾಣುವ ಏಕಾಗ್ರತೆ ಯಾವ ಉಜ್ಜೀವನ ಕೂಟದಲ್ಲೂ ಕಂಡಿಲ್ಲ. ಕೂಗುವವರ ಅಂಗಿ ಬೆನ್ನಿಗೆ ಅಂಟಿದೆ, ದನಿ ಒಡೆದಿದೆ, ರಸೀದಿಗಳು ಫ್ಯಾನ್ ಗಾಳಿಗೆ ಹಾರುತ್ತಿವೆ. ಹಾರದಂತೆ ಮೇಲಿಟ್ಟದ್ದು ಬೈಬಲ್. ದಪ್ಪ ಇರುವುದಕ್ಕೂ ಒಂದು ಉಪಯೋಗ ಬೇಕಲ್ಲ. ಕೊನೆಗೆ ಬಳ್ಳಾರಿ ಅಂಜೂರದ ಬುಟ್ಟಿ ಬಂತು. ಇಬ್ಬರು ಹಿರಿಯರು ಪಟ್ಟು ಹಿಡಿದರು, ಒಬ್ಬರು ಗೆದ್ದರು, ಸೋತವರು ಮೂರು ವಾರ ಆರಾಧನೆಗೆ ಬರಲಿಲ್ಲ. ಎಲೆ ತುಂಬಿದ್ದೂ ಹಣ್ಣಿಲ್ಲದ ಅಂಜೂರದ ಮರವನ್ನು ಯೇಸುಸ್ವಾಮಿ ಶಪಿಸಿದ್ದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ, ಪುಣ್ಯಕ್ಕೆ.

ಆ ಬೈಬಲ್ ಕನ್ನಡಕ್ಕೆ ಬಂದದ್ದು ಇದೇ ಊರಿನಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತರು. ಪೂರ್ತಿ ಗ್ರಂಥ ಅಚ್ಚಾಗುವಷ್ಟರಲ್ಲಿ 1831 ಆಗಿತ್ತು. ಅಷ್ಟು ವರ್ಷ ಒಂದೇ ಪುಸ್ತಕದ ಮುಂದೆ ಕೂರಲು ಅವರಿಗೆ ಹೇಗೆ ಸಾಧ್ಯವಾಯಿತೋ! ಇಂದಿನ ನಮ್ಮ ಸಭೆಯಲ್ಲಿದ್ದಿದ್ದರೆ ಮೊದಲ ತಿಂಗಳಲ್ಲೇ ಸ್ಮರಣ ಸಂಚಿಕೆ ಸಮಿತಿಗೆ ಹಾಕಿ, ಜಾಹೀರಾತು ತರಲು ಬೆಂಗಳೂರು ರಸ್ತೆಯ ಅಂಗಡಿ ಅಂಗಡಿಗೆ ಕಳಿಸುತ್ತಿದ್ದೆವು.

ಮಾರ್ಥಳ ಕಥೆ ನಮಗೆ ಗೊತ್ತಿಲ್ಲದ್ದೇನಲ್ಲ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯ. ಅಕ್ಕ ಅಡುಗೆಮನೆಯಲ್ಲಿ ಗಡಿಬಿಡಿಯಲ್ಲಿದ್ದಾಳೆ, ತಂಗಿ ಮರಿಯಳು ಯೇಸುವಿನ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಾಳೆ, ಒಳ್ಳೆಯ ಪಾಲನ್ನು ಆರಿಸಿಕೊಂಡವಳು ಅವಳೇ ಅಂತ ಸ್ವಾಮಿ ಹೇಳುತ್ತಾರೆ. ಇದರ ಮೇಲೆ ನಮ್ಮಲ್ಲಿ ಮುಕ್ಕಾಲು ಗಂಟೆ ಪ್ರಸಂಗವಾಯಿತು. ಕೆಲವರು ಕಣ್ಣೊರೆಸಿಕೊಂಡರು. ಆಮೆನ್ ಅಂದ ಉಸಿರಿನಲ್ಲೇ, "ಅಕ್ಕಂದಿರು ಐದು ಮಂದಿ ಉಳಕೋಬೇಕ್ರೀ, ಬೆಳ್ಳುಳ್ಳಿ ಸುಲಿಯೋದೈತಿ." ಹಿಂದಿನ ಸಾಲಿನಲ್ಲಿ ಇನ್ನೂ ಕಣ್ಣು ಮುಚ್ಚಿ ಕೂತಿದ್ದ ಒಬ್ಬ ಅಜ್ಜಿಯ ಭುಜ ಅಲ್ಲಾಡಿಸಿ, "ಅವ್ವಾ, ಸುಮ್ನೆ ಕುಂತೀಯಲ್ಲ, ಬಾ" ಅಂತ ಕರೆದೊಯ್ದರು. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸುವುದು ಮಾರ್ಥಳಿಗೇ. ಸುಮ್ಮನೆ ಕೂತದ್ದಕ್ಕೆ ಯಾವ ಲೆಕ್ಕ ಅಂತ ಶಾಲು ಹೊದಿಸುವುದು?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಧ್ಯಾನಮಗ್ನರಾಗುವ ಗಂಡಸರೂ ನಮ್ಮಲ್ಲಿದ್ದಾರೆ. ಈ ಬರಹ ಅವರ ಪರವಾಗಿಲ್ಲ. ಮರಿಯಳು ಕೂತದ್ದು ಕೇಳುವುದಕ್ಕೆ, ಊಟಕ್ಕೆ ಕರೆಯುವವರೆಗೆ ಮೊಬೈಲ್ ನೋಡುವುದಕ್ಕಲ್ಲ.

ಯೇಸುವೇ ಹೊತ್ತು ಮೂಡುವ ಮುಂಚೆ ಎದ್ದು ಒಬ್ಬರೇ ಅಡವಿಯ ಕಡೆ ಹೋಗಿ ಪ್ರಾರ್ಥಿಸುತ್ತಿದ್ದರೆಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು "ಎಲ್ಲರೂ ನಿನ್ನನ್ನ ಹುಡುಕ್ತಿದಾರೆ" ಅಂದರೂ ಆ ಗುಂಪಿನ ಕಡೆ ತಿರುಗದೆ ಬೇರೆ ಊರುಗಳಿಗೆ ನಡೆದರಂತೆ. ನಮ್ಮ ಕಾರ್ಯದರ್ಶಿಗಳ ಪುಸ್ತಕದಲ್ಲಿ ಇದಕ್ಕೆ "ಪೂರ್ವಾನುಮತಿಯಿಲ್ಲದೆ ಗೈರು" ಎಂದು ಷರಾ ಬೀಳುತ್ತಿತ್ತು.

ಹೊಸದಾಗಿ ಬಂದ ಅಯ್ಯನವರು ಎಳೆಯರು, ಇನ್ನೂ ಊರಿನ ನೀರು ಹಿಡಿದಿಲ್ಲ. ಸಮಿತಿಯ ಅಜೆಂಡಾಕ್ಕೆ "ಸದಸ್ಯರ ಖಾಸಗಿ ಪ್ರಾರ್ಥನಾ ಜೀವನ" ಅಂತ ಒಂದು ವಿಷಯ ಸೇರಿಸಿದರು. ಪೇಂಟಿಂಗು, ಕಾಂಪೌಂಡು, ಕೀಬೋರ್ಡಿನ ಅಡಾಪ್ಟರು ಎಲ್ಲ ಮುಗಿದು ಅದರ ಸರದಿ ಬಂದಾಗ ರಾತ್ರಿ ಹತ್ತು ದಾಟಿತ್ತು. ಒಬ್ಬರು ಉಪಸಮಿತಿ ಮಾಡೋಣ ಅಂದರು. ಇನ್ನೊಬ್ಬರು, ಯಾರು ಎಷ್ಟು ಹೊತ್ತು ಪ್ರಾರ್ಥನೆ ಮಾಡಿದರು ಅನ್ನುವುದಕ್ಕೆ ರಿಜಿಸ್ಟರ್ ಇಟ್ಟು ಸಹಿ ಹಾಕಿಸೋಣ, ಮೊದಲು ಬಂದವರಿಗೆ ಕ್ರಿಸ್ಮಸ್ಸಿಗೆ ಸ್ಟೀಲ್ ಡಬ್ಬಿ ಕೊಡೋಣ ಅಂದರು. ಸಂಚಾಲಕರು ಯಾರೆಂಬುದಕ್ಕೆ ಜಗಳ ಹತ್ತಿಕೊಂಡಿತು. ಅರ್ಧ ಮಂದಿ ಎದ್ದು ಹೋದರು. ಕೋರಂ ಇಲ್ಲದ ಕಾರಣ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಮುಕ್ತಾಯದ ಪ್ರಾರ್ಥನೆ ಮಾಡಬೇಕಿದ್ದ ಹಿರಿಯರು ಶಾಮಿಯಾನದವನಿಗೆ ಅಡ್ವಾನ್ಸ್ ಕೊಡಲು ಹೋಗಿದ್ದರು. ಸರಿ, ಉಳಿದವರೇ ಸೇರಿ ಕರ್ತನ ಪ್ರಾರ್ಥನೆ ಹೇಳೋಣ ಅಂತಾಯಿತು. "ನಮ್ಮ ಅನುದಿನದ ಆಹಾರವನ್ನು" ಅನ್ನುವಷ್ಟರಲ್ಲಿ ಮಿರ್ಚಿ ಬಂತು.