ಇಲ್ಲದ ಆಕ್ಸಿಲ್ ಬದಲಿಸುವವರಿಗೆ

ಇವತ್ತು ಬೆಳಿಗ್ಗೆ ಬದಿಯಡ್ಕದ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ಕೇಳಿದ್ದು: "ತಿರುಗಿಸುವಾಗ ಟೊಕ್ ಟೊಕ್ ಅಂತ ಶಬ್ದ ಬರ್ತದೆ ಅಲ್ವಾ, ಎದುರಿನ ಆಕ್ಸಿಲ್ ಹೋಗಿದೆ. ಸಿವಿ ಜಾಯಿಂಟ್ ಹಾಕ್ಬೇಕು." ಗಾಡಿ ಯಾವುದು? ಕೆಂಪುಕಲ್ಲು ಹೊರುವ ಪಿಕಪ್, ಎಳೆತ ಹಿಂದಿನ ಚಕ್ರಕ್ಕೆ ಮಾತ್ರ. ಇಂಜಿನ್ನಿನ ಎಳೆತವನ್ನು ತಿರುಗುವ ಚಕ್ರಕ್ಕೆ ಮುಟ್ಟಿಸುವ ಕೀಲು ಸಿವಿ ಜಾಯಿಂಟ್. ಮಾರಾಯ್ರೇ, ಆ ಗಾಡಿಯ ಎದುರುಗಡೆ ಅದು ಇಲ್ಲವೇ ಇಲ್ಲ! ಇಲ್ಲದ್ದನ್ನು ಬಿಚ್ಚಲಿಕ್ಕೆ ಎಷ್ಟು ಮಜೂರಿ ಅಂತ ಕೇಳುವಾ ಅಂದುಕೊಂಡೆ, ಜಗಳ ಆದೀತು ಅಂತ ಸುಮ್ಮನಾದೆ.

ಎದುರಿನ ಚಕ್ರಕ್ಕೆ ಎಳೆತ ಇರುವ ಕಾರುಗಳ ರಿಪೇರಿಯಲ್ಲಿ ಕಲಿತದ್ದನ್ನು ಪಿಕಪ್ಪಿಗೆ ಅಂಟಿಸುವುದರಿಂದ ಹೀಗಾಗುವುದು. ಸಿವಿ ಜಾಯಿಂಟ್ ಹಾಳಾದರೆ ಅದರ ಗುರುತೇ ಬೇರೆ. ಗಾಡಿ ಓಡುತ್ತಾ ತಿರುಗುವಾಗ ಕಟ್ ಕಟ್ ಕಟ್ ಅನ್ನುತ್ತದೆ, ವೇಗ ಹೆಚ್ಚಿದಂತೆ ಶಬ್ದವೂ ಬೇಗ ಬೇಗ ಬರುತ್ತದೆ. ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಬದಿಗೆ ಗ್ರೀಸ್ ಸಿಡಿದಿರುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಲ್ಲ ಫೋರ್ ವೀಲ್ ಗಾಡಿಯಲ್ಲಿ ಇದು ಇರಬಹುದು. ಅದರಲ್ಲೂ ಮೊದಲು ಎಳೆತ ಬದಲಿಸುವ ಲಿವರ್ ನೋಡಿ. ಗುಡ್ಡ ಹತ್ತಿಸಲು 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ) ಹಾಕಿದವರು ಡಾಂಬರು ರಸ್ತೆಗೆ ಬಂದ ಮೇಲೂ ತೆಗೆಯುವುದಿಲ್ಲ. ತಿರುವಿನಲ್ಲಿ ಎದುರಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕು. ಎದುರು ಹಿಂದಿನ ನಡುವೆ ಈ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲದ ಗಾಡಿಯಲ್ಲಿ ಬಿಗಿ ಏರಿ, ಟಯರ್ ಜಾರಿದಾಗ ಠಪ್ ಅನ್ನುತ್ತದೆ. 2ಎಚ್‌ಗೆ (ಎರಡೇ ಚಕ್ರಕ್ಕೆ ಎಳೆತ) ಹಾಕಿದರೆ ರಿಪೇರಿ ಮುಗಿಯಿತು. ಬಿಲ್ಲು ಸೊನ್ನೆ.

ಸ್ಪ್ಯಾನರ್ ಹಿಡಿಯುವ ಮೊದಲು ಡ್ರೈವರನ್ನು ಕೇಳಬೇಕಾದ್ದು ಇಷ್ಟೇ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೂ ಬರ್ತದಾ, ಓಡುವಾಗ ಮಾತ್ರವಾ? ಲೋಡ್ ಇದ್ದಾಗಲಾ, ಖಾಲಿಯಲ್ಲೂ ಉಂಟಾ? ಪೂರ್ತಿ ತಿರುಗಿಸಿದಾಗ ಕೊನೆಯಲ್ಲಿ ಒಂದೇ ಒಂದು ಟೊಕ್ಕಾ? ಕೊನೆಯದ್ದಾದರೆ ಚಕ್ರ ಇನ್ನೂ ತಿರುಗದ ಹಾಗೆ ತಡೆಯುವ ಸ್ಟಾಪರ್ ಬೋಲ್ಟ್ ಒಣಗಿ ಸವೆದಿರಬಹುದು, ಟಯರ್ ಎಲ್ಲಾದರೂ ತಾಗುತ್ತಿರಬಹುದು. ಸ್ಟಾಪರಿನ ಮುಖಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ ನೋಡಿ. ಮತ್ತೆ, ನಾಚಿಕೆ ಬಿಟ್ಟು ವೀಲ್ ನಟ್‌ಗಳನ್ನೂ ಒಮ್ಮೆ ಬಿಗಿ ಮಾಡಿ ನೋಡಿ.

ನಿಂತಲ್ಲೇ ಬರುವ ಶಬ್ದ ಹಿಡಿಯುವುದು ಸುಲಭ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಕಾಲು ಸುತ್ತು ಎಡಕ್ಕೆ, ಕಾಲು ಸುತ್ತು ಬಲಕ್ಕೆ ನಿಧಾನ ತಿರುಗಿಸಲಿ. ಇನ್ನೊಬ್ಬರು ಬೆರಳು ಸಿಕ್ಕಿಕೊಳ್ಳದ ಹಾಗೆ ಒಂದೊಂದೇ ಜಾಗಕ್ಕೆ ಕೈ ಇಡಬೇಕು: ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಸರಳಿನ ತುದಿ), ಬಾಲ್ ಜಾಯಿಂಟ್ (ಚಕ್ರ ತಿರುಗುವ ಗುಂಡು ಕೀಲು), ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟುಗಳು, ಸ್ಟೇರಿಂಗ್ ಕಾಲಮ್ಮಿನ ಕೆಳಗಿನ ಕೀಲು ಯೂಜೆ ಕ್ರಾಸ್. ಕಿವಿಯನ್ನು ಮಾತ್ರ ನಂಬಬೇಡಿ. ಚಾಸಿಯಲ್ಲಿ ಶಬ್ದ ಓಡುತ್ತದೆ, ಎಡದ ಟೊಕ್ ಬಲದಲ್ಲಿ ಕೇಳಿಸುತ್ತದೆ. ಬೆರಳಿಗೆ ಪೆಟ್ಟು ಗೊತ್ತಾಗುವ ಜಾಗವೇ ಅಪರಾಧಿ.

ಆಮೇಲೆ ಜಾಕಿ. ಚಕ್ರವನ್ನು ಎಡಬಲಕ್ಕೆ ಹಿಡಿದು ಅಲುಗಾಡಿಸಿದಾಗ ಆಟ, ಅಂದರೆ ಸಡಿಲ, ಇದ್ದರೆ ಟೈ ರಾಡ್ ನೋಡಿ. ಮೇಲೆ ಕೆಳಗೆ ಹಿಡಿದಾಗ ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ (ಕೆಲವು ಗಾಡಿಗಳಲ್ಲಿ ಚಕ್ರ ತಿರುಗುವ ಗೂಟ). ಕೆಳಗಿನ ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ತೋಳು) ಭಾರ ಹೊರುವ ಗಾಡಿಯಲ್ಲಿ ಜಾಕಿ ಆ ಆರ್ಮಿನ ಅಡಿಗೇ ಕೊಡಬೇಕು. ಚಾಸಿಗೆ ಕೊಟ್ಟರೆ ಸ್ಪ್ರಿಂಗ್ ಜಾಯಿಂಟನ್ನು ಒತ್ತಿ ಹಿಡಿಯುತ್ತದೆ, ಸವೆದದ್ದೂ ಗಟ್ಟಿ ಇದ್ದ ಹಾಗೆ ಕಾಣುತ್ತದೆ. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗಲೂ ಚಕ್ರ ಎತ್ತಿರಲಿ, ಇಲ್ಲದಿದ್ದರೆ ಭಾರ ಕೂತ ಬದಿಗೆ ಗ್ರೀಸ್ ಹೋಗುವುದೇ ಇಲ್ಲ.

ಲೋಡ್ ಇದ್ದಾಗ ಮಾತ್ರ ಬರುವ ಶಬ್ದಕ್ಕೆ ಎದುರುಗಡೆಯನ್ನೇ ಬಿಚ್ಚುವುದು ನೋಡಿದರೆ ನನಗೆ ತಲೆ ಕೆಡುತ್ತದೆ. ತಿರುಗುವಾಗ ಭಾರ ಒಂದು ಬದಿಗೆ ವಾಲಿ, ಲೋಡ್ ಬಾಡಿ ಕೂತ ಬೋಲ್ಟ್ ಸಡಿಲ ಇದ್ದರೆ ಅದೇ ಕುಟ್ಟುತ್ತದೆ. ಪ್ಲೇಟಿನ, ಅಂದರೆ ಪಟ್ಟಿ ಸ್ಪ್ರಿಂಗಿನ, ತುದಿಯ ಶಾಕಲ್ ಬುಷ್ ಸವೆದಿದ್ದರೂ ಹಾಗೆಯೇ. ನಮ್ಮ ಮಳೆಗಾಲದ ಕೆಸರು ನೀರಿನಲ್ಲಿ ಅಲ್ಲಿನ ಗ್ರೀಸ್ ಉಳಿಯುವುದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪ್ಲೇಟನ್ನು ಹೌಸಿಂಗಿಗೆ (ಹಿಂದಿನ ಆಕ್ಸಿಲಿನ ಕೊಳವೆಗೆ) ಬಿಗಿದು ಹಿಡಿಯುವ ಯು ಬೋಲ್ಟ್ ನೋಡಿ. ಇವತ್ತಿನ ಗಾಡಿಯಲ್ಲಿ ಹಿಂದಿನ ಎಡಬದಿಯ ಯು ಬೋಲ್ಟಿನ ನಟ್ ಸುತ್ತ ಕೆಂಪು ತುಕ್ಕಿನ ಹುಡಿ ಗೆರೆ ಎಳೆದ ಹಾಗೆ ಇಳಿದಿತ್ತು, ಪಕ್ಕದಲ್ಲಿ ಕಬ್ಬಿಣ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಸಡಿಲ ಆಗಿ ಅಲುಗಾಡಿದ್ದಕ್ಕೆ ಇನ್ನೆಂತ ಸಾಕ್ಷಿ ಬೇಕು?

ಯು ಬೋಲ್ಟ್ ಸಡಿಲ ಸಿಕ್ಕಿದರೆ ಬಿಗಿ ಮಾಡಿ ಕಳಿಸಿಬಿಡಬೇಡಿ. ಪ್ಲೇಟಿನ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿರಬಹುದು, ಆಗ ಹೌಸಿಂಗ್ ಹಿಂದೆ ಮುಂದೆ ಜಾರುತ್ತದೆ. ಪ್ಲೇಟಿನ ಎದುರಿನ ಪಿನ್ನಿನಿಂದ ಹೌಸಿಂಗಿನ ನಡುವಿನವರೆಗೆ ಎರಡೂ ಬದಿ ಟೇಪ್ ಹಿಡಿದು ಅಳೆಯಿರಿ, ವ್ಯತ್ಯಾಸ ಇದ್ದರೆ ಜಾರಿದೆ ಎಂದೇ ಅರ್ಥ. ಬಿಚ್ಚಿದ ಯು ಬೋಲ್ಟನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಿ. ನಾಲ್ಕೂ ನಟ್‌ಗಳನ್ನು ಅಡ್ಡಡ್ಡಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬಂದು, ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆ ಮ್ಯಾನ್ಯುವಲ್‌ನಲ್ಲಿ ಕೊಟ್ಟ ಟಾರ್ಕಿಗೆ ಮುಗಿಸಿ.

ಬಾಲ್ ಜಾಯಿಂಟ್ ಬದಲಿಸುವವರಿಗೂ ಎರಡು ಮಾತು. ನಟ್ ಬಿಚ್ಚದ ಹಾಗೆ ಹಾಕುವ ಸ್ಪ್ಲಿಟ್ ಪಿನ್ನಿನ ತೂತು ಸರಿ ಕೂರದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಬೇಡಿ, ಮುಂದಕ್ಕೇ ಬಿಗಿ ಮಾಡಿ ತೂತು ಸೇರಿಸಿ. ಆರ್ಮಿನ ಬುಷ್ ಬೋಲ್ಟನ್ನು ಗಾಡಿ ನೆಲಕ್ಕಿಳಿದ ಮೇಲೆ ಕೊನೆಯ ಬಿಗಿ ಕೊಡಿ. ಎತ್ತಿದಲ್ಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಟೈ ರಾಡ್ ಮುಟ್ಟಿದ್ದರೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಬುಷ್ಷಿಗೆ ಡೀಸೆಲ್, ಹಳೆ ಆಯಿಲ್ ಎರಚುವವರ ಸುದ್ದಿ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

"ಇಷ್ಟೆಲ್ಲ ಹುಡುಕುತ್ತಾ ಕೂತರೆ ದಿನದ ಬಾಡಿಗೆ ಹೋಗ್ತದೆ" ಅಂತ ಹೇಳುವವರು ಇದ್ದಾರೆ. ಹೌದೌದು. ಇಪ್ಪತ್ತು ನಿಮಿಷ ಹುಡುಕಿದರೆ ಬಾಡಿಗೆ ಹೋಗುತ್ತದೆ, ತಪ್ಪು ಪಾರ್ಟ್ ತರಲು ಮಂಗಳೂರಿಗೆ ಹೋಗಿ ಬಂದರೆ ಹೋಗುವುದಿಲ್ಲ! ಅಂದಾಜಿನ ಮೇಲೆ ಹಾಕಿಸಿದ ಪಾರ್ಟುಗಳಿಗೆ ನಾನೂ ದುಡ್ಡು ಸುರಿದಿದ್ದೇನೆ, ಈ ಸಿಟ್ಟಿನಲ್ಲಿ ಅರ್ಧ ಅದರದ್ದೇ.

ಕೊನೆಗೆ ಡ್ರೈವರ್ ಅಣ್ಣನನ್ನು ಕೇಳಿದೆ, ಖಾಲಿ ಗಾಡಿಯಲ್ಲಿ ಶಬ್ದ ಉಂಟಾ ಅಂತ. "ಕಲ್ಲು ಇಳಿಸಿದ ಮೇಲೆ ಇಲ್ಲ" ಅಂದರು. ಅಲ್ಲಿಯವರೆಗೆ ಅವರ ಹತ್ತಿರ ಯಾರೂ ಅದನ್ನು ಕೇಳಿರಲಿಲ್ಲ.