ಸೆಕೆಂಡ್‌ಹ್ಯಾಂಡ್ ಹೋಲ್ಡನ್

ನಿನ್ನೆ ಸಂಜೆ ಪಕ್ಕದ ಮನೆಯ ಅಜ್ಜ ಬೇಲಿಯ ಆಚೆಯಿಂದ ಒಂದು ಮಾತು ಹೇಳಿದರು. ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿಯ ಆ ಇಎಚ್ ಮಾಡೆಲ್ ಕಾರನ್ನು ಅವರು ಹೊಸದಾಗಿ ಕೊಂಡಿರಲಿಲ್ಲವಂತೆ. ಸೆಕೆಂಡ್‌ಹ್ಯಾಂಡಂತೆ. ಇಷ್ಟು ಹೇಳಿ ಟೊಮೆಟೊ ಗಿಡಕ್ಕೆ ನೀರು ಬಿಡಲು ಹೋದರು. ನಾನು ಪೈಪ್ ಹಿಡಿದವರ ಬೆನ್ನು ನೋಡುತ್ತಾ ಅಲ್ಲೇ ನಿಂತೆ. ನನ್ನ ಎರಡು ಶನಿವಾರ, ಲೈಬ್ರರಿಗೆ ಓಡಾಡಿದ ರೈಲು ಚಾರ್ಜು, ಸಣ್ಣ ಅಕ್ಷರ ಓದಿ ಕೆಂಪಾದ ಕಣ್ಣು, ಎಲ್ಲಾ ಆ ಟೊಮೆಟೊ ಬುಡಕ್ಕೇ ಹೋಯಿತು.

ಇದೆಲ್ಲ ಶುರುವಾದದ್ದು ಗುಜರಿಯಿಂದ. ಮೆಲ್ಬರ್ನ್‌ನಲ್ಲಿ ‘ಹಾರ್ಡ್ ರಬ್ಬಿಶ್’ ಅಂತ ಒಂದು ಹಬ್ಬವಿದೆ. ಬೇಡವಾದ ಸೋಫಾ, ಹಾಸಿಗೆ, ಕುಂಟು ಕುರ್ಚಿ ಎಲ್ಲವನ್ನೂ ಜನ ಮನೆ ಮುಂದಿನ ಹುಲ್ಲಿನ ಮೇಲೆ ತಂದಿಡುತ್ತಾರೆ. ಕೌನ್ಸಿಲ್ ಲಾರಿ ಬಂದು ಒಯ್ಯುತ್ತದೆ. ಲಾರಿಗಿಂತ ಮುಂಚೆ ನನ್ನಂಥವರು ಹೋಗುತ್ತೇವೆ. ನಮ್ಮದೇ ಬೀದಿಯ ಕೊನೆ ಮನೆಯ ಮುಂದೆ, ಮುರಿದ ಇಸ್ತ್ರಿ ಮೇಜಿನ ಮೇಲೆ, ಒಂದು ದೋಣಿ ಎಂಜಿನ್ ಮಲಗಿತ್ತು. ಬ್ರಿಟಿಷ್ ಸೀಗಲ್. ದೋಣಿಯ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಮೋಟಾರು. ಉದ್ದನೆಯ ಕೊಳವೆ, ಕೆಳಗೆ ಐದು ಎಲೆಯ ಪ್ರೊಪೆಲ್ಲರ್, ಮೇಲೆ ಹಿತ್ತಾಳೆ ಪೆಟ್ರೋಲ್ ಟ್ಯಾಂಕು. ಮಿಕ್ಸಿಯನ್ನು ತಲೆಕೆಳಗು ಮಾಡಿ ಕೊಳವೆಗೆ ಕಟ್ಟಿದ ಹಾಗಿರುತ್ತದೆ. ಕೇಳಿದೆ, ತಗೊಂಡು ಹೋಗಿ ಅಂದರು. ಹೊತ್ತು ತಂದೆ.

“ಎಂತ ಮಾರಾಯ್ರೆ ಇದು? ನಮ್ಗೆ ದೋಣಿಯೇ ಇಲ್ಲ ಅಲ್ದಾ?” ಅಂದಳು ಹೆಂಡತಿ.

ನಿಜ, ದೋಣಿ ಇಲ್ಲ. ಆದರೆ ಟ್ಯಾಂಕಿನ ಮೇಲೆ ಒಂದು ಸ್ಟಿಕ್ಕರ್ ಇತ್ತು. ಮಾರಿದ ಅಂಗಡಿಯವನದ್ದು. ಹೆಸರು ಅಳಿಸಿಹೋಗಿ ‘ಆಂಡ್ ಸನ್ಸ್’ ಮಾತ್ರ ಉಳಿದಿತ್ತು. ಅಪ್ಪ ಹೋಗಿದ್ದಾನೆ, ಮಕ್ಕಳು ಇದ್ದಾರೆ. ಕೆಳಗೆ ಫೋನ್ ನಂಬರು: ಎಕ್ಸ್‌ಎಫ್, ಆಮೇಲೆ 2, ಆಮೇಲೆ ಬರೀ ಕಿಲುಬು. ಎಂಜಿನ್ ಇಂಗ್ಲೆಂಡಿನ ಪೂಲ್ ಎಂಬ ಊರಿನಲ್ಲಿ ಹುಟ್ಟಿದ್ದು ಅಂತ ಯಾರು ಬೇಕಾದರೂ ಹೇಳುತ್ತಾರೆ. ಅದನ್ನು ಇಲ್ಲಿ ಮಾರಿದ ಈ ‘ಆಂಡ್ ಸನ್ಸ್’ ಯಾರು? ಅಂಗಡಿ ಎಲ್ಲಿತ್ತು? ಒಂದು ಗಂಟೆಯಲ್ಲಿ ಪತ್ತೆ ಮಾಡುತ್ತೇನೆ ಅಂದುಕೊಂಡೆ. ಆ ಮಾತಿಗೆ ಈಗ ನಾಲ್ಕು ತಿಂಗಳು.

ಮೊದಲು ಫೋನ್ ನಂಬರು ಬಿಡಿಸಿದೆ. ಆ ಕಾಲದಲ್ಲಿ ಇಲ್ಲಿನ ನಂಬರುಗಳು ಅಕ್ಷರದಿಂದ ಶುರುವಾಗುತ್ತಿದ್ದವು. ಡಯಲ್ ಮೇಲೆ ಎ ಅಂದರೆ 1, ಬಿ ಅಂದರೆ 2. ಮೂರಕ್ಕೆ ಸಿ ಅಂತೀರಿ. ಅಲ್ಲ, ಎಫ್! ನಾಲ್ಕಕ್ಕೆ ಜೆ, ಐದಕ್ಕೆ ಎಲ್, ಆಮೇಲೆ ಎಮ್, ಯು, ಡಬ್ಲ್ಯು, ಎಕ್ಸ್, ವೈ. ಹಾಗಾಗಿ ಎಕ್ಸ್‌ಎಫ್ ಅಂದರೆ 93. ಇದನ್ನು ಕಂಡುಹಿಡಿದ ರಾತ್ರಿ ನನಗೆ ಬೀಗ ತೆಗೆದಷ್ಟು ಖುಷಿ. ಬೆಳಿಗ್ಗೆ ನೋಡಿದರೆ ಒಳಗೆ ಏನೂ ಇಲ್ಲ. 932 ಗೊತ್ತಾಗಿ ಏನು ಮಾಡಲಿ? 1960ರ ದಶಕದ ಶುರುವಿನಲ್ಲಿ ಅಕ್ಷರ ಹೋಗಿ ಬರೀ ಅಂಕಿ ಬಂತು. ಅಂದರೆ ಸ್ಟಿಕ್ಕರ್ ಅದಕ್ಕಿಂತ ಹಳೆಯದು. ಇಷ್ಟೇ ಲಾಭ.

ಆಮೇಲೆ ಟ್ರೋವ್ ಎಂಬ ವೆಬ್‌ಸೈಟು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದೆ. ದೊಡ್ಡ ಉಪಕಾರ, ನಿಜವಾಗಿ. ಆದರೆ ‘ಸೀಗಲ್’ ಅಂತ ಹುಡುಕಿ ನೋಡಿ. ಮೊದಲು ಕಡಲಕ್ಕಿ ಬರುತ್ತದೆ. ಕಡಲಕ್ಕಿಯ ಮೇಲೆ ಪದ್ಯ ಬರುತ್ತದೆ. ಆಮೇಲೆ ವಿಲಿಯಮ್ಸ್‌ಟೌನ್ ಫುಟ್‌ಬಾಲ್ ತಂಡ ಬರುತ್ತದೆ, ಅವರ ಅಡ್ಡಹೆಸರು ಸೀಗಲ್ಸ್. ಸರಿ, ಅಮೆರಿಕದ ಎಂಜಿನ್ ಮಾರುತ್ತಿದ್ದವರನ್ನಾದರೂ ಹಿಡಿಯೋಣ ಅಂತ ಅಲ್ಲಿನ ಬ್ರಾಂಡು ‘ಜಾನ್ಸನ್’ ಹಾಕಿದೆ. ಅರ್ಧ ಆಸ್ಟ್ರೇಲಿಯಾ ಜಾನ್ಸನ್ನೇ. ಹುಟ್ಟಿದವರು, ಸತ್ತವರು, ಕುದುರೆ ಕದ್ದವರು. ಇನ್ನೊಂದು ಬ್ರಾಂಡು ‘ಮರ್ಕ್ಯುರಿ’ ಹಾಕಿದೆ. ಹೋಬಾರ್ಟ್ ನಗರದ ದಿನಪತ್ರಿಕೆಯ ಹೆಸರೇ ಮರ್ಕ್ಯುರಿ! ತೊಂಬತ್ತು ಚಿಲ್ಲರೆ ವರ್ಷದ ಪೇಪರು ನನ್ನ ಲ್ಯಾಪ್‌ಟಾಪ್ ಮೇಲೆ ಬಂದು ಬಿತ್ತು. ಓಲೆ ಎವಿನ್‌ರೂಡ್ ಒಬ್ಬ ಪುಣ್ಯಾತ್ಮ. ಹುಡುಗಿಗೆ ಅಂತ ತಂದ ಐಸ್‌ಕ್ರೀಮ್ ಹುಟ್ಟು ಹಾಕುತ್ತಾ ಬರುವಷ್ಟರಲ್ಲಿ ಕರಗಿದ್ದಕ್ಕೆ ಔಟ್‌ಬೋರ್ಡ್ ಮಾಡಲು ಹೊರಟ ಅಂತ ಕತೆ; 1909ರಲ್ಲಿ ಮಿಲ್ವಾಕಿಯಲ್ಲಿ ಮಾರಲು ಶುರುಮಾಡಿದ. ಕತೆ ಹೇಗೂ ಇರಲಿ, ಬೇರೆ ಯಾರಿಗೂ ಇಲ್ಲದ ಹೆಸರಿಟ್ಟುಕೊಂಡು ಹುಟ್ಟಿದನಲ್ಲ, ಅದು ದೊಡ್ಡದು.

ಅದೂ ಎಲ್ಲಿಯವರೆಗೆ? ಟ್ರೋವ್‌ನಲ್ಲಿ ಹೆಚ್ಚಿನ ಪೇಪರುಗಳು 1954ಕ್ಕೆ ನಿಲ್ಲುತ್ತವೆ. ಕಾಪಿರೈಟ್ ಕಾರಣ. ಸಿನಿಮಾದ ಇಂಟರ್‌ವಲ್‌ನಲ್ಲಿ ಕರೆಂಟ್ ಹೋದ ಹಾಗೆ. ಯಾಕೆಂದರೆ ಕತೆಗೆ ರಂಗೇರುವುದೇ ಆಮೇಲೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಅಮೆರಿಕದ ಡಾಲರಿಗೆ ಬರ. ಅಮೆರಿಕದ ಮಾಲು ತರಿಸಲು ಲೈಸೆನ್ಸ್ ಸಿಗುವುದು ಕಷ್ಟ. ಇಂಗ್ಲೆಂಡಿನದ್ದಾದರೆ ಪೌಂಡ್‌ನಲ್ಲಿ ತರಿಸಬಹುದು. ಕಾಲು ಕಾಲಿಗೆ ಸೀಗಲ್ ಸಿಗುವುದು ಅದಕ್ಕೇ ಇರಬೇಕು ಅಂತ ನನ್ನ ಲೆಕ್ಕ. 1952ರಲ್ಲಿ ಇಂಗ್ಲೆಂಡಿನ ಮಾಲಿಗೂ ಲೈಸೆನ್ಸ್ ಬಂತು. 1960ರಲ್ಲಿ ಆ ಕಟ್ಟನ್ನು ಹೆಚ್ಚುಕಮ್ಮಿ ಬಿಚ್ಚಿದರು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗೋಳು ಅಂದರೆ ಔಟ್‌ಬೋರ್ಡ್ ಮಾರುವವನು ತಾನು ಔಟ್‌ಬೋರ್ಡ್ ಮಾರುವವನು ಅಂತ ಹೇಳಿಕೊಳ್ಳುವುದೇ ಇಲ್ಲ. ಅವನದ್ದು ಸೈಕಲ್ ಅಂಗಡಿ. ಇಲ್ಲವೇ ಗ್ಯಾರೇಜು. ಇಲ್ಲವೇ ಹುಲ್ಲು ಕತ್ತರಿಸುವ ಮೋವರ್ ರಿಪೇರಿ. ಎಲ್ಲ ಟೂ ಸ್ಟ್ರೋಕೇ ಅಲ್ವಾ, ಮೋವರ್ ಬಿಚ್ಚಲು ಬಂದವನಿಗೆ ಸೀಗಲ್ ಬಿಚ್ಚಲೂ ಬರುತ್ತದೆ. ಹಾಗಾಗಿ ಹಳೆ ಡೈರೆಕ್ಟರಿಯಲ್ಲಿ ಅವನು ಯಾವ ತಲೆಬರಹದ ಕೆಳಗೆ ಅಡಗಿದ್ದಾನೆ ಅಂತ ಬ್ರಹ್ಮನಿಗೂ ಗೊತ್ತಿಲ್ಲ.

ಈ ಹೊತ್ತಿಗೆ ಸರಿಯಾಗಿ ಅಜ್ಜ ಸಿಕ್ಕರು. ಸಿಕ್ಕರು ಏನು, ಬೇಲಿಯ ಆಚೆ ಇದ್ದೇ ಇದ್ದರು. ತೊಂಬತ್ತಕ್ಕೆ ಹತ್ತಿರ. ಸ್ಟಿಕ್ಕರ್ ತೋರಿಸಿದೆ. “ಓ, ಇವರಾ! ನೆಪಿಯನ್ ಹೈವೇ ಮೇಲೆ, ಮೀನಂಗಡಿ ಪಕ್ಕ. ನನ್ನ ಎಂಜಿನ್ನೂ ಅಲ್ಲೇ ತಗೊಂಡಿದ್ದು, ಮೇಟ್” ಅಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಆಯಿತು. ಹೆಸರು? ನೆನಪಿಲ್ಲ. ಮೀನಂಗಡಿಯವನ ಹೆಸರು, ಅವನ ನಾಯಿಯ ಹೆಸರು, ಎರಡೂ ನೆನಪಿದೆ. ಯಾವ ವರ್ಷ?

“ವರ್ಷ ಗೊತ್ತಿಲ್ಲ. ಆಗ ನನ್ನ ಹತ್ತಿರ ಇಎಚ್ ಇತ್ತು.”

ಅಜ್ಜನ ಅಭ್ಯಾಸವೇ ಇದು. ಅವರ ತಲೆಯಲ್ಲಿ ಇಸವಿಗಳೇ ಇಲ್ಲ. ಬರೀ ಹೋಲ್ಡನ್ ಕಾರುಗಳಿವೆ. ಮದುವೆ ಆದದ್ದು ಎಫ್‌ಜೆ ಇದ್ದಾಗ. ದೊಡ್ಡ ಮಗಳು ಹುಟ್ಟಿದ್ದು ಎಫ್‌ಸಿಯಲ್ಲಿ. ಇದ್ದಾಗ ಅಂತಲೋ, ಕಾರಿನೊಳಗೇ ಅಂತಲೋ, ಕೇಳಲು ಸಂಕೋಚವಾಯಿತು. ಪೌಂಡ್ ಹೋಗಿ ಡಾಲರ್ ಬಂದದ್ದು ಎಫ್‌ಬಿ ಮಾರುವಾಗ. ಬೆನ್ನುನೋವು ಶುರುವಾದದ್ದು ಎಚ್‌ಆರ್‌ನಿಂದ, ಸೀಟು ಸರಿ ಇರಲಿಲ್ಲವಂತೆ. ಯಾವ ಮಾಡೆಲ್ ಯಾವ ವರ್ಷ ಹೊಸದಾಗಿ ಬಂತು ಅಂತ ನಾನು ಒಂದು ಕಾಗದದಲ್ಲಿ ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದೆ: ಎಫ್‌ಜೆ 1953, ಎಫ್‌ಇ 1956, ಎಫ್‌ಸಿ 1958, ಎಫ್‌ಬಿ 1960, ಇಕೆ 1961, ಇಜೆ 1962, ಇಎಚ್ 1963, ಎಚ್‌ಡಿ 1965, ಎಚ್‌ಆರ್ 1966. ಕನ್ನಡ ಸಂಘದಿಂದ ಬಂದ ಕ್ಯಾಲೆಂಡರ್ ಪಕ್ಕದಲ್ಲೇ ಅದೂ ನೇತಾಡಿತು. ಮನೆಗೆ ಬಂದ ಗೆಳೆಯನೊಬ್ಬ, “ಏನೋ, ಕಣ್ಣು ಟೆಸ್ಟ್ ಮಾಡಿಸ್ಕೊಳ್ತಿದ್ದೀಯಾ?” ಅಂದ. ಅಜ್ಜ ಏನಾದರೂ ಹೇಳಿದರೆ ಸಾಕು, ಪಂಚಾಂಗ ನೋಡುವ ಭಟ್ಟರ ಹಾಗೆ ಒಳಗೆ ಓಡಿ ಬಂದು ಬೆರಳಿಟ್ಟು ನೋಡುತ್ತಿದ್ದೆ.

ಪೌಂಡ್ ಹೋಗಿ ಡಾಲರ್ ಬಂದದ್ದು 1966ರ ಫೆಬ್ರವರಿ 14ಕ್ಕೆ. ಅದು ಗೊತ್ತಿದ್ದೂ, ಎಫ್‌ಬಿ 1960ರದ್ದು ಅಂತ ನಾನೇ ಬರೆದಿದ್ದೂ, ಮಾಡೆಲ್ಲಿನ ವರ್ಷ ಬೇರೆ, ಅಜ್ಜನ ವರ್ಷ ಬೇರೆ ಅಂತ ತಲೆಗೆ ಹೊಳೆಯಲಿಲ್ಲ ನೋಡಿ. ಸ್ಟಿಕ್ಕರಿನ ಅಕ್ಷರದ ನಂಬರು ಕೂಡ ಒಂದು ಕಡೆಯಿಂದ ಚುಚ್ಚುತ್ತಿತ್ತು. ಹಳೆ ಸ್ಟಿಕ್ಕರು ಕಟ್ಟುಗಟ್ಟಲೆ ಉಳಿದಿರಬೇಕು, ‘ಆಂಡ್ ಸನ್ಸ್’ ಜಿಪುಣರು, ಎಸೆಯಲಿಲ್ಲ ಅಂತ ನಾನೇ ಸಮಾಧಾನ ಹೇಳಿಕೊಂಡೆ. ಪತ್ತೇದಾರಿ ಮಾಡುವವನಿಗೆ ಒಮ್ಮೆ ಉತ್ತರ ಸಿಕ್ಕಿಬಿಟ್ಟರೆ ಸಾಕ್ಷಿಯೇ ಕಾಣುವುದಿಲ್ಲ.

ಎರಡು ಶನಿವಾರ ಸ್ವಾನ್‌ಸ್ಟನ್ ಸ್ಟ್ರೀಟಿನ ಸ್ಟೇಟ್ ಲೈಬ್ರರಿಯಲ್ಲಿ ಕೂತೆ. 1913ರಲ್ಲಿ ಕಟ್ಟಿದ ದೊಡ್ಡ ಗುಮ್ಮಟ, ಕೆಳಗೆ ಮಕ್ಕಳು ಪರೀಕ್ಷೆಗೆ ಓದುತ್ತಿದ್ದಾರೆ, ನಾನು 1963ರಿಂದ 65ರವರೆಗೆ ನೆಪಿಯನ್ ಹೈವೇಯ ಮೀನಂಗಡಿ ಹುಡುಕುತ್ತಿದ್ದೇನೆ. ಸ್ಯಾಂಡ್ಸ್ ಆಂಡ್ ಮೆಕ್‌ಡೂಗಲ್ ಡೈರೆಕ್ಟರಿಯಲ್ಲಿ ಬೀದಿ ಬೀದಿಯ ಅಂಗಡಿಗಳೂ ಸಾಲಾಗಿವೆ. ಮೀನಂಗಡಿ ಮೂರು ಸಿಕ್ಕಿದವು. ಒಂದರ ಪಕ್ಕದಲ್ಲೂ ‘ಆಂಡ್ ಸನ್ಸ್’ ಇಲ್ಲ. ಒಂದರ ಪಕ್ಕ ಹಲ್ಲಿನ ಡಾಕ್ಟರು, ಒಂದರ ಪಕ್ಕ ಕ್ಷೌರದಂಗಡಿ, ಇನ್ನೊಂದರ ಪಕ್ಕ ಖಾಲಿ ಸೈಟು.

ಅದನ್ನು ನಿನ್ನೆ ಅಜ್ಜನಿಗೆ ಹೇಳಿದಾಗಲೇ ಈ ಸೆಕೆಂಡ್‌ಹ್ಯಾಂಡ್ ವಿಷಯ ಹೊರಬಿದ್ದದ್ದು. ನೀರು ಬಿಟ್ಟು ಮುಗಿಯಲಿ ಅಂತ ಕಾದು ಕೇಳಿದೆ. ಇಎಚ್ ಒಂದೇ ಹೀಗಾ, ಬೇರೆ ಕಾರುಗಳೂ?

“ಎಲ್ಲವೂ, ಮೇಟ್. ಹೊಸ ಕಾರಿಗೆ ದುಡ್ಡು ಯಾರ ಹತ್ತಿರ ಇತ್ತು?”

ಒಳಗೆ ಬಂದು ಫ್ರಿಜ್ ಮೇಲಿನ ಪಟ್ಟಿ ಕಿತ್ತೆ. ಒಂದು ಮೂಲೆ ಹರಿದು ಅಲ್ಲೇ ಅಂಟಿಕೊಂಡಿತು.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೇ ಹೇಳಿ ರೇಗಾಡಿದೆ. “ನಿನ್ನ ಅಪ್ಪಯ್ಯ ಇನ್ನೆಂತ ಮಾಡ್ತಿದ್ರು?” ಅಂದು ನಕ್ಕರು. ಹೌದಲ್ಲ. ಅಪ್ಪಯ್ಯನ ಇಸವಿಗಳೆಲ್ಲ ದನದ ಲೆಕ್ಕದಲ್ಲಿದ್ದವು. ಕೆಂಪಿ ಎರಡನೇ ಕರು ಹಾಕಿದ ವರ್ಷ ಮನೆಗೆ ಕರೆಂಟ್ ಬಂತು. ಬೊಳ್ಳಿಯನ್ನು ಮಾರಿದ ವರ್ಷ ಅಕ್ಕನ ಮದುವೆ. ಕುಂದಾಪುರದಿಂದ ಗಂಗೊಳ್ಳಿಗೆ ರಸ್ತೆಯಲ್ಲಾದರೆ ತ್ರಾಸಿ ಸುತ್ತಿ ಹೋಗಬೇಕು. ಆಗ ಕಡವಿನಲ್ಲಿ ದೋಣಿ ಹತ್ತಿದರೆ ಹೊಳೆ ದಾಟಿದರಾಗುತ್ತಿತ್ತು. ನಾನು ಅಪ್ಪಯ್ಯನ ಅಂಗಿ ಹಿಡಿದು ಕೂರುತ್ತಿದ್ದೆ, ಹಿಂದೆ ಎಂಜಿನ್ ಟಪಟಪ ಅನ್ನುತ್ತಿತ್ತು, ನೀರಿನ ಮೇಲೆ ಎಣ್ಣೆಯ ಬಣ್ಣ ಬಣ್ಣದ ಪದರ ಹಿಂದೆ ಹಿಂದೆ ಬರುತ್ತಿತ್ತು. ಆ ಎಂಜಿನ್ ಯಾವಾಗ ಬಂತು, ಯಾರು ತಂದರು ಅಂತ ಒಮ್ಮೆ ಕೇಳಿದ್ದೆ. ಅಪ್ಪಯ್ಯ ಹೇಳಿದ್ದರು ಕೂಡ, ಯಾವುದೋ ದನದ ಹೆಸರು. ಈಗ ಆ ಹೆಸರೂ ನೆನಪಿಲ್ಲ, ಕೇಳೋಣವೆಂದರೆ ಅವರೂ ಇಲ್ಲ. ದನದ ಮಾಡೆಲ್ಲಿಗೆ ಪಟ್ಟಿ ಎಲ್ಲೂ ಸಿಗುವುದಿಲ್ಲ.

ಇವತ್ತು ಬೆಳಿಗ್ಗೆ ಗ್ಯಾರೇಜಿನಲ್ಲಿ ಸೀಗಲ್ ಮೇಲೆ ಹಳೆ ಬೆಡ್‌ಶೀಟ್ ಮುಚ್ಚುತ್ತಿದ್ದೆ. ಇನ್ನು ಸಾಕು ಅಂತ. ಬೇಲಿ ಕಡೆಯಿಂದ ಕೆಮ್ಮು ಕೇಳಿಸಿತು. ಕೈಯಲ್ಲಿ ಐದು ಟೊಮೆಟೊ, ನನಗೆ ಕೊಡಲು.

“ಯೋಚನೆ ಮಾಡಿದೆ, ಮೇಟ್. ಎಂಜಿನ್ ತಗೊಂಡ ದಿನವೇ ಟ್ರೇಲರ್ ತಗೊಂಡಿದ್ದು. ಅದು ಮಾತ್ರ ಹೊಚ್ಚ ಹೊಸದು.”

ಬೆಡ್‌ಶೀಟ್ ಕೈಯಲ್ಲೇ ಉಳಿಯಿತು. ಟ್ರೇಲರಿಗೆ ನಂಬರ್ ಪ್ಲೇಟ್ ಇತ್ತಾ ಅಂತ ಕೇಳಿದೆ. ಕೇಳಬಾರದಿತ್ತು.

ಇತ್ತಂತೆ. ಈಗ ಇಲ್ಲವಂತೆ. ಎಲ್ಲೋ ದಾರಿಯಲ್ಲಿ ಕಳಚಿ ಬಿತ್ತಂತೆ. ಯಾವಾಗ?

ಅಜ್ಜ ಟೊಮೆಟೊ ಹಿಡಿದುಕೊಂಡೇ ಆಕಾಶ ನೋಡಿದರು. “ಆಗ ನನ್ನ ಹತ್ತಿರ ಕಿಂಗ್ಸ್‌ವುಡ್ ಇತ್ತು.”